ರೋಬೋಟು ಅಡ್ಡಬಿದ್ದದ್ದು

ಯಾವುದೋ ನಕ್ಷತ್ರದಿಂದ ಭೂಮಿಯನ್ನು ಕಿತ್ತುಕೊಳ್ಳಲು ಬಂದವರನ್ನು ನಮ್ಮ ಕಡೆ ಆಕಾಶದವರು ಎನ್ನುತ್ತಿದ್ದರು. ತೊಂಬತ್ತೆಂಟನೆಯ ಇಸವಿ. ಅವರನ್ನು ತಡೆಯಲು ದಾವಣಗೆರೆಯ ಕರೂರು ಕಾರ್ಖಾನೆಗಳಲ್ಲಿ ಬೆಸುಗೆ ಹಾಕಿ ನಿಲ್ಲಿಸಿದ ರೋಬೋಟು ನೀರಿನ ಟ್ಯಾಂಕಿಗಿಂತ ಎತ್ತರವಿತ್ತು. ಅದರ ಎದೆಯೊಳಗೆ ಕೂತು ನಡೆಸುವವನು ಕಡರನಾಯಕನಹಳ್ಳಿಯ ಬಸವಣ್ಣೆಮ್ಮನ ಒಬ್ಬನೇ ಮಗ ಕೊಟ್ಟೂರೇಶ. ಯುದ್ಧ ಏನಾದರೂ ಆಗಲಿ, ಮಗ ಜೀವಂತ ಇಳಿದು ಬರಲಿ ಎಂಬುದೊಂದೇ ಆಕೆ ಶಿವನಲ್ಲಿ ಬೇಡುತ್ತಿದ್ದದ್ದು.

ಆಯುಧಪೂಜೆಯ ಬೆಳಿಗ್ಗೆ ರೋಬೋಟು ಹರಿಹರದ ಹೊಳೆದಂಡೆಯಲ್ಲಿ ಕಾವಲು ನಿಂತಿತ್ತು. ಬಸವಣ್ಣೆಮ್ಮ ಏಣಿ ಹತ್ತಿ, ಹಣೆಯೆಂದು ತಿಳಿದ ಅಗಲ ಗಾಜಿಗೆ ವಿಭೂತಿ ಕಲಸಿ ಮೂರು ಪಟ್ಟೆ ಎಳೆದು ಇಳಿದಳು. ಅದು ಹಣೆಯಲ್ಲ, ಒಳಗೆ ಕೂತವನು ಹೊರಗೆ ನೋಡುವ ಕಣ್ಣು. ಬೆಸುಗೆಯ ಕರೀಂ ಸಾಬರು ಬಂದು ನೋಡುವಷ್ಟರಲ್ಲಿ ವಿಭೂತಿ ಸುಣ್ಣದಂತೆ ಒಣಗಿತ್ತು.

"ಅಮ್ಮಾರೆ, ಮಗನ ಕಣ್ಣಿಗೇ ಗೋಡೆ ಕಟ್ಟಿದ್ರಲ್ರೀ."

ಆಕೆ ನೀರಿಗೆಂದು ಹೊಳೆಗಿಳಿದಳು. ಅಷ್ಟರಲ್ಲಿ ಆಚೆ ದಂಡೆಯ ಹೊಲ ದಾಟಿ ಆಕಾಶದವರ ರೋಬೋಟು ನೀರಿಗಿಳಿಯಿತು. ಕೊಟ್ಟೂರೇಶ ಗಾಬರಿಯಿಂದ ಹೆಜ್ಜೆ ಎತ್ತಿದ, ಏಣಿ ಮುರಿದುಬಿತ್ತು. ಏನೂ ಕಾಣುತ್ತಿಲ್ಲವೆಂದು ವೈರ್‌ಲೆಸ್ಸಿನಲ್ಲಿ ಹೇಳುತ್ತಲೇ ಇದ್ದ. ಜನ ಓಡಿದರು. ಬಸವಣ್ಣೆಮ್ಮ ಕರೀಂ ಸಾಬರ ಕೈಯಿಂದ ವೈರ್‌ಲೆಸ್ಸು ಇಸಿದುಕೊಂಡಳು.

"ತಮ್ಮಾ, ಅಡ್ಡಬೀಳು. ಕಣ್ಣು ತೊಳಿತೀನಿ."

ಹಬ್ಬದ ದಿನ ತಾಯಿಯ ಕಾಲಿಗೆ ಬೀಳುವಂತೆಯೇ ಆ ಉಕ್ಕಿನ ದೇಹ ಮಂಡಿಯೂರಿ, ಮುಖವನ್ನು ಮರಳಿಗೆ ತಂದಿತು. ಆಕೆ ಒದ್ದೆ ಸೆರಗಿನಿಂದ ಗಾಜು ಉಜ್ಜಿದಳು. ಬೆಳಕು ಒಳಹೊಕ್ಕಿತು. ಕೊಟ್ಟೂರೇಶ ಮುಷ್ಟಿ ಎತ್ತಿಕೊಂಡೇ ಎದ್ದ.

ಎದುರಿನ ರೋಬೋಟು ಕೈಯಳತೆಯಲ್ಲೇ ಇತ್ತು. ಆದರೆ ಅದೂ ನೀರಿನಂಚಿನಲ್ಲಿ ಮಂಡಿಯೂರಿ ತಲೆಯನ್ನು ಮರಳಿಗೆ ಇಟ್ಟಿತ್ತು. ನಮ್ಮ ರೋಬೋಟು ಬಾಗಿದ್ದನ್ನು ಕಂಡು ಆಕಾಶದವರು ಏನೆಂದು ತಿಳಿದರೋ, ಶಿವನೇ ಬಲ್ಲ. ಯುದ್ಧ ನಡೆಸುವ ದಾವಣಗೆರೆಯ ಆಫೀಸಿನಿಂದ ಹೊಡೆಯಿರೆಂಬ ಹುಕುಂ ಮೇಲಿಂದ ಮೇಲೆ ಬರುತ್ತಿತ್ತು. ಹೊಡೆಯದಿದ್ದರೆ ಅದು ಎದ್ದು ಮಗನನ್ನೇ ಸೀಳಬಹುದೆಂದು ಬಸವಣ್ಣೆಮ್ಮನಿಗೂ ಗೊತ್ತಿತ್ತು. ಆದರೂ ವೈರ್‌ಲೆಸ್ಸನ್ನು ಬಾಯಿಗೆ ಹಿಡಿದಳು.

"ಬಾಗಿದ ತಲಿ ಮ್ಯಾಲೆ ಕೈ ಎತ್ತಬ್ಯಾಡ, ತಮ್ಮಾ."

ಮುಷ್ಟಿ ನಿಧಾನವಾಗಿ ಇಳಿಯಿತು. ಆಕಾಶದವರ ರೋಬೋಟು ನೀರು ಸುರಿಸುತ್ತ ಎದ್ದು, ಸ್ವಲ್ಪ ಹೊತ್ತು ನಿಂತು, ಬಂದ ದಾರಿಯಲ್ಲೇ ತಿರುಗಿಹೋಯಿತು.

ಕೊಟ್ಟೂರೇಶ ರೋಬೋಟನ್ನು ಮತ್ತೆ ಮಂಡಿಯೂರಿಸಿ ಇಳಿದು ಮರಳಿನ ಮೇಲೆ ಕೂತ. ಹುಕುಂ ಮೀರಿದ್ದಕ್ಕೆ ಸಾಹೇಬರು ಸುಮ್ಮನೆ ಬಿಡುವುದಿಲ್ಲ, ಬೈದು ಹಾಕುತ್ತಾರೆ ಎಂದ.

ಬಸವಣ್ಣೆಮ್ಮ ಅವನ ಬಟ್ಟೆಯ ಮರಳು ಕೊಡವಿದಳು.

"ಬೈಯ್ಲಿ ಬಿಡು. ಬೈಸ್ಕಳ್ಳಾಕೆ ನೀನು ಉಳಿದೀಯಲ್ಲ."