ಅದರ ಪಾಲಿನ ಊಟ

"ಎರಡೂ ಕಾಲು ಸರಿಯಾಗಿ ಇಡಿ," ಎಂದಳು ನರ್ಸ್.

"ಇಟ್ಟಿದ್ದೀನಮ್ಮ. ಇರೋದೇ ಎರಡು."

ತೂಕದ ಮುಳ್ಳು ಮತ್ತೆ ಅಲ್ಲಿಗೇ ಬಂದು ನಿಂತಿತು. ಹೋದ ಸಲಕ್ಕಿಂತ ಹನ್ನೊಂದು ಕಿಲೋ ಕಡಿಮೆ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಈತನನ್ನು ಜೊತೆಯವರು ಈಗಲೂ ದಪ್ಪಣ್ಣ ಎಂದೇ ಕರೆಯುತ್ತಿದ್ದರು. ಆದರೆ ಹೆಂಡತಿ ಅವನ ಪ್ಯಾಂಟನ್ನು ಎರಡು ಸಲ ಹಿಡಿದು ಹೊಲಿದಿದ್ದಳು.

ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. ಎಡ ಮೂತ್ರಪಿಂಡದ ಮೇಲೆ ಕಡಲೆಕಾಳಿಗಿಂತ ತುಸು ದೊಡ್ಡ ಗೆಡ್ಡೆ.

"ಎರಡು ಮಿಲಿಮೀಟರ್ ಬೆಳೆದಿದೆ. ಅಳತೆಯ ಹೆಚ್ಚುಕಮ್ಮಿಯೂ ಇರಬಹುದು."

"ನಿಧಾನಕ್ಕೆ ಬೆಳೆದ್ರೆ ಅಪಾಯ ಇಲ್ಲ ತಾನೆ?" ಹೆಂಡತಿ ಕೇಳಿದಳು.

"ಸಾಮಾನ್ಯವಾಗಿ ಹೌದು. ಖಾತ್ರಿ ಕೊಡೋಕಾಗಲ್ಲ. ಅದಕ್ಕೇ ಕಾದು ನೋಡೋಣ ಅಂದಿದ್ದೆ. ಆದರೆ ತೂಕ ಹೀಗೆ ಇಳಿದರೆ ಕಾಯೋದು ಬೇಡ. ತೆಗೆದುಬಿಡೋಣ."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದಪ್ಪಣ್ಣ ಮೇಜಿನ ಅಂಚನ್ನೇ ನೋಡುತ್ತ ಕೂತಿದ್ದ. ಹೆದರಿಕೆಯೂ ಇಲ್ಲ, ಏನೂ ಇಲ್ಲ. ಆರಿದ ಒಲೆಯ ಮುಂದೆ ಕೂತವನ ಹಾಗೆ.

"ನಾನು ತಿಂತಿಲ್ಲ," ಎಂದ.

"ಹಸಿವಾಗಲ್ವಾ?"

"ಆಗುತ್ತೆ. ನಾನು ತಿಂದ್ರೆ ಅದೂ ತಿನ್ನುತ್ತಲ್ಲ ಸಾರ್. ಉಪವಾಸ ಕೆಡವಿದ್ರೆ ಸೊರಗುತ್ತೆ ಅಂದ್ಕೊಂಡೆ."

ಹೆಂಡತಿ ಅವನ ಕಡೆ ತಿರುಗಿದಳು.

"ಊಟದ ಡಬ್ಬಿ ದಿನಾ ಖಾಲಿಯಾಗಿ ಬರ್ತಿತ್ತಲ್ರೀ?"

"ಬೇಕರಿ ಗೇಟಿನ ನಾಯಿಗೆ ಹಾಕ್ತಿದ್ದೆ."

"ನಾಯಿಗೆ! ಬೆಳಗಿನ ಜಾವ ಎದ್ದು ನಾನು ನಾಯಿಗೆ ಬೇಯಿಸ್ತಿದ್ನಾ? ಅದಾದ್ರೂ ದಪ್ಪ ಆಗಿದೆಯಾ?"

"ಆಗಿದೆ."

ಡಾಕ್ಟರು ನಗಲಿಲ್ಲ. ಚಿತ್ರವನ್ನು ಕೆಳಗಿಟ್ಟರು. "ಅದು ನಿಮ್ಮ ತಟ್ಟೆ ನೋಡ್ಕೊಂಡು ಬೆಳೆಯೋದಿಲ್ಲ. ನೀವು ಉಪವಾಸ ಬಿದ್ರೆ ಸೊರಗೋದು ನೀವೇ. ಚೆನ್ನಾಗಿ ತಿನ್ನಿ, ಮುಂದಿನ ತಿಂಗಳು ಬನ್ನಿ. ತೂಕ ಏರಿದ್ರೆ ಮೊದಲಿನ ಹಾಗೇ ಕಾಯೋಣ. ಏರದಿದ್ರೆ ಆಪರೇಷನ್."

"ಅಲ್ಲೀವರೆಗೆ ನಾನೇನು ಮಾಡ್ಲಿ?"

"ಹೇಳಿದೆನಲ್ಲ. ಊಟ ಮಾಡಿ."

ಅಷ್ಟೇ. ಮನುಷ್ಯನೊಬ್ಬ ತಿಂಗಳುಗಟ್ಟಲೆ ಹಸಿದು ಹೋರಾಡಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಹೆಂಡತಿ ತಟ್ಟೆಯನ್ನು ಅವನ ಮುಂದೆ ತಳ್ಳಿದಳು. ಬೈಯಲಿಲ್ಲ. ಅವನ ಬಾಯನ್ನೇ ನೋಡುತ್ತ ಕೂತಳು. ದಪ್ಪಣ್ಣ ಒಂದು ತುತ್ತು ಇಟ್ಟುಕೊಂಡ, ಅಗಿದ. ಉಪ್ಪೋ ಸಿಹಿಯೋ ತಿಳಿಯಲಿಲ್ಲ. ಇನ್ನೊಂದು ತುತ್ತಿಗೆ ಬಲಗೈ ಏಳುವಾಗ, ಮೇಜಿನ ಕೆಳಗೆ ಎಡಗೈ ತಾನಾಗಿಯೇ ಗೆಡ್ಡೆಯಿರುವ ಪಕ್ಕೆಯ ಮೇಲೆ ಹೋಗಿ ಕೂತಿತು. ಒಳಗಿನಿಂದ ಯಾರೋ ತಳ್ಳುತ್ತಿರುವ ಬಾಗಿಲನ್ನು ಒತ್ತಿ ಹಿಡಿದ ಹಾಗೆ.