ನನ್ನದಲ್ಲದ ಹೆಬ್ಬೆಟ್ಟು

ಬೆಳಿಗ್ಗೆ ಮೊಮ್ಮಗಳು ಫೋನು ನೋಡುತ್ತಾ, “ಅಜ್ಜಿ, ನಿನ್ನ ದೂರು ಮುಗೀತಂತೆ,” ಎಂದಳು.

ನಾನು ಬಾಗಿಲಿಗೆ ಹೋಗಿ ನೋಡಿದೆ. ಮನೆ ಮುಂದಿನ ಚರಂಡಿ ನಿನ್ನೆಯಂತೆಯೇ ಬಾಯಿ ತೆರೆದುಕೊಂಡಿತ್ತು.

ಅದರ ಚಪ್ಪಡಿ ಮುರಿದು ಮೂರು ತಿಂಗಳು. ನನ್ನ ತಂಗಿಗೆ ಕಣ್ಣು ಕಾಣುವುದಿಲ್ಲ. ಕೋಲು ಹಿಡಿದು ಒಬ್ಬಳೇ ಓಡಾಡುತ್ತಿದ್ದವಳು, ಒಮ್ಮೆ ಅದರೊಳಗೆ ಬಿದ್ದು ಮೊಣಕಾಲು ಜಜ್ಜಿಕೊಂಡ ಮೇಲೆ, ನಾನು ಕೈ ಹಿಡಿಯದೆ ಹೊಸ್ತಿಲು ದಾಟುವುದಿಲ್ಲ. ಅದಕ್ಕೇ ನಗರಸಭೆಗೆ ಅರ್ಜಿ ಬರೆದಿದ್ದೆ. ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ. ಒಂದೂ ಚಿತ್ತು ಮಾಡದೆ ನಿಧಾನವಾಗಿ ಬರೆದಿದ್ದೆ. ಅದನ್ನು ಅವರು ವೆಬ್‌ಸೈಟಿಗೆ ಹಾಕಿದ್ದರು. ಯಾರು ಬೇಕಾದರೂ ನೋಡಬಹುದಂತೆ.

ಫೋನು ಇಸಿದುಕೊಂಡು ನಾನೇ ಓದಿದೆ. ‘ಹೊಸ ಚಪ್ಪಡಿ ಹಾಕಲಾಗಿದೆ. ದೂರುದಾರರು ತೃಪ್ತರಾಗಿದ್ದಾರೆ.’ ಯಾವುದೋ ಬೀದಿಯ ಚಪ್ಪಡಿಯ ಚಿತ್ರ. ಕೆಳಗೆ ನನ್ನ ಹೆಸರು. ಹೆಸರಿನ ಪಕ್ಕ ಒಂದು ನೀಲಿ ಹೆಬ್ಬೆಟ್ಟು.

ನಾನು ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಹದಿನಾರು ವರ್ಷವಾಗಿತ್ತು.

ಮೂವರೂ ಕಚೇರಿಗೆ ಹೋದೆವು. ತಂಗಿ ಹೊರಗಿನ ಬೆಂಚಿನಲ್ಲಿ ಕೂತಳು. ಗುಮಾಸ್ತ ಪರದೆ ನೋಡಿ, “ಇಲ್ಲಿ ಮುಗಿದಿದೆ ಅಂತಿದ್ರೆ ಮುಗೀತು ಅಜ್ಜಿ,” ಎಂದ.

“ಹಾಗಾದ್ರೆ ನನ್ನ ತಂಗೀನ ಆ ಚಿತ್ರದ ಚಪ್ಪಡಿ ಮೇಲೇ ನಡೆಸ್ಲೇನಪ್ಪಾ?”

ಅವನು ನಕ್ಕ. ಮೊಮ್ಮಗಳು ನಗಲಿಲ್ಲ. “ಸಾರ್, ಅದೇ ಪುಟದಲ್ಲಿ ಸ್ವಲ್ಪ ಮೇಲೆ ಹೋಗಿ.”

ಮೇಲೆ ನನ್ನ ಅರ್ಜಿ, ಅದರ ಕೊನೆಗೆ ನನ್ನ ಸಹಿ. ಕೆಳಗೆ ಹೆಬ್ಬೆಟ್ಟು. ಎರಡೂ ಊರಿಗೆಲ್ಲ ಕಾಣುವ ಹಾಗೆ ಒಂದೇ ಕಡೆ ಕೂತಿದ್ದವು.

“ನನ್ನ ಅರ್ಜಿ ಓದಿರ್ಲಿಲ್ವಾ?”

“ವಯಸ್ಸು ನೋಡ್ದೆ. ಎಪ್ಪತ್ತೊಂದು ಅಂತಿತ್ತು. ಈ ವಯಸ್ಸಿನವ್ರಿಗೆ ಸಹಿ ಎಲ್ಲಿ ಬರುತ್ತೆ ಅಂತ…” ಅಂದವನು ತಟ್ಟನೆ ಎಡಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡ. ಅಷ್ಟರಲ್ಲಿ ನಾನು ನೋಡಿಯಾಗಿತ್ತು. ಹೆಬ್ಬೆರಳಿನ ಗೆರೆಗಳಲ್ಲಿ ನೀಲಿ ಶಾಯಿ ಇನ್ನೂ ಉಳಿದಿತ್ತು.

“ಅಳಿಸಿಬಿಡ್ತೀನಿ ಅಜ್ಜಿ. ಒಂದೇ ನಿಮಿಷ.”

“ಬೇಡ. ಅಳಿಸಿದ್ರೆ ನಾಳೆ ನಾನೇ ಸುಳ್ಳಿ ಆಗ್ತೀನಿ. ಹೆಬ್ಬೆಟ್ಟು ನನ್ನದಲ್ಲ, ಚಪ್ಪಡಿ ಹಾಕಿಲ್ಲ ಅಂತ ಬರ್ಕೊಡ್ತೀನಿ. ಅದನ್ನೂ ಅದರ ಕೆಳಗೇ ಹಾಕು.”

ಬರೆದು ಸಹಿ ಮಾಡಿದೆ. ಅವನು ಹಾಕಿದ್ದನ್ನು ಮೊಮ್ಮಗಳು ಫೋನಿನಲ್ಲಿ ನೋಡಿ ತಲೆಯಾಡಿಸುವವರೆಗೂ ಅಲ್ಲೇ ನಿಂತಿದ್ದೆ.

ಹೊರಗೆ ಬಂದಾಗ ತಂಗಿ, “ಚಪ್ಪಡಿ ಹಾಕ್ತಾರಂತಾ ಅಕ್ಕಾ?” ಎಂದಳು.

“ಹಾಕೋವರೆಗೂ ಆ ಸುಳ್ಳು ಹೆಬ್ಬೆಟ್ಟು ಎಲ್ರಿಗೂ ಕಾಣ್ತಿರುತ್ತೆ ಕಣೆ. ಬಾ, ಕೈ ಹಿಡ್ಕೋ.”

ಅವಳು ನನ್ನ ಕೈ ಹಿಡಿದು ಎದ್ದಳು.