ತಂಗಿಯ ಕಂಪ್ಯೂಟರ್

“ರೆಡಿಮೇಡ್ ತರ್ತಾಳಂತೆ, ರೆಡಿಮೇಡ್! ಯಾಕೆ, ಈ ಮನೇಲಿ ನಾನು ಸತ್ತಿದೀನಾ?”

ಮೋಟಾರಣ್ಣ ನೆಲದ ಮೇಲೆ ಕಾಲು ಚಾಚಿ ಕೂತು, ಹೊಟ್ಟೆ ಬಿಚ್ಚಿದ ಕಂಪ್ಯೂಟರಿನ ಮುಂದೆ ಸ್ಕ್ರೂಡ್ರೈವರನ್ನು ಕತ್ತಿಯ ಹಾಗೆ ಆಡಿಸುತ್ತಿದ್ದ. ಸುಟ್ಟ ವಾಸನೆ ಇನ್ನೂ ಕೋಣೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಡಬ್ಬಿಯೊಳಗೆ ಟಪ್ಪೆಂದು ಸದ್ದಾಗಿದ್ದೇ ತಡ, ಪರದೆ ಕಪ್ಪಾಗಿತ್ತು. ತಂಗಿ ನಾಲ್ಕು ದಿನದಿಂದ ಬರೆಯುತ್ತಿದ್ದ ಶಾಲೆಯ ಕಟ್ಟಡದ ನಕ್ಷೆ ಒಳಗೇ ಉಳಿದಿತ್ತು.

“ಸತ್ತಿರೋದು ಅದು, ನೀನಲ್ಲ,” ಅಂದಳು ತಂಗಿ.

“ಹನ್ನೊಂದು ವರ್ಷ ದುಡೀತು ಕಣೇ ಇದು! ಯಾರು ಜೋಡಿಸಿದ್ದು? ಅಂಗಡೀದು ಅಂದ್ರೆ ರೆಡಿಮೇಡ್ ಅಂಗಿ ಇದ್ದ ಹಾಗೆ. ಭುಜಕ್ಕೆ ಸರಿಹೋದ್ರೆ ತೋಳಿಗೆ ಆಗಲ್ಲ. ಒಳಗೆ ಏನು ಕಸ ತುಂಬಿರ್ತಾರೋ ಯಾರಿಗೆ ಗೊತ್ತು?”

“ನೀನು ಹೊಲಿದ ಅಂಗಿಗೆ ಗುಂಡೀನೇ ಇಲ್ವಲ್ಲಣ್ಣ.”

ಅಡುಗೆಮನೆಯ ಬಾಗಿಲಲ್ಲಿದ್ದ ಅವನ ಹೆಂಡತಿ ಕಿಸಕ್ಕನೆ ನಕ್ಕಳು. ಗಂಡ ತಿರುಗಿ ನೋಡಿದ್ದೇ ಪಾತ್ರೆ ಸದ್ದು ಮಾಡುತ್ತ ಒಳಗೆ ಸರಿದಳು.

ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಊರಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಎಲ್ಲರಿಗೂ ಮೋಟಾರಣ್ಣ. ಕೈ ಚೊಕ್ಕ, ಬಾಯಿ ಮಾತ್ರ ಉರಿಗೆಂಡ. ಅವನು ಸುತ್ತಿದ ಮೋಟಾರನ್ನು ಇನ್ನೊಬ್ಬ ಬಿಚ್ಚಿ ಸರಿಮಾಡಿದ ಉದಾಹರಣೆ ಇಲ್ಲ. ತಂತಿಯ ತುದಿಗಳನ್ನು ತನಗೊಬ್ಬನಿಗೇ ತಿಳಿಯುವ ಹಾಗೆ ಒಳಗೆ ಮಡಚಿ, ಮೇಲೆ ವಾರ್ನಿಷ್ ಸುರಿಯುತ್ತಿದ್ದ. “ನಾನು ಕಟ್ಟಿದ್ದು ನನ್ನ ಹತ್ರಾನೇ ಬರಬೇಕು,” ಅನ್ನುವುದು ಅವನ ವ್ಯಾಪಾರದ ಗುಟ್ಟು. ಗುಟ್ಟೇನು ಬಂತು, ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ತಂಗಿಯ ಕಂಪ್ಯೂಟರಿನ ಕಥೆಯೂ ಅದೇ. ಅದನ್ನು ಚಾಲೂ ಮಾಡುವ ಗುಂಡಿ ಕೆಟ್ಟು ಆರು ವರ್ಷವಾಗಿತ್ತು. ಆವತ್ತಿನಿಂದ ಡಬ್ಬಿಯ ಒಂದು ಬದಿಯ ತಗಡು ತೆಗೆದೇ ಇತ್ತು. ಒಳಗಿರುವ, ಪಿನ್ನಿನಂಥ ಎರಡು ಸಣ್ಣ ಮುಳ್ಳುಗಳಿಗೆ ಟೆಸ್ಟರಿನ ತುದಿ ತಾಗಿಸಿದರೆ ಅದು ಎಚ್ಚರವಾಗುತ್ತಿತ್ತು. ಒಮ್ಮೆ ತಂಗಿ ತಾನೇ ತಾಗಿಸಲು ಹೋದಾಗ ಅವನು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದ. ಅಲ್ಲಿಗೆ ಅದು ಅವನೊಬ್ಬನ ಕೆಲಸವಾಯಿತು. ಬೆಳಿಗ್ಗೆ ತಾಗಿಸಿ ಅಂಗಡಿಗೆ ಹೋಗುತ್ತಿದ್ದ. ನಡುವೆ ಕರೆಂಟು ಹೋಗಿ ಬಂದರೆ ತಂಗಿ ಫೋನ್ ಮಾಡಬೇಕು, ಅವನು ಬರುವ ತನಕ ಕೈಕಟ್ಟಿ ಕೂರಬೇಕು. ಫೋನ್ ಬಂದರೆ ಅವನು ಎಂಥ ಗಿರಾಕಿಯನ್ನೂ ಬಿಟ್ಟು ಏಳುತ್ತಿದ್ದ. “ನೋಡಿ, ನಾನಿಲ್ದೆ ನಮ್ಮನೇಲಿ ಒಂದು ದೀಪಾನೂ ಹೊತ್ತಲ್ಲ,” ಎಂದು ಬೈದುಕೊಳ್ಳುತ್ತ ಬೈಕ್ ಏರುವಾಗ ಮುಖದಲ್ಲಿ ಬೇಸರದ ಸುಳಿವೂ ಇರುತ್ತಿರಲಿಲ್ಲ.

“ನೋಡಣ್ಣ,” ತಂಗಿ ದನಿ ಇಳಿಸಿದಳು. “ಸೋಮವಾರ ನಕ್ಷೆ ಕೊಡದಿದ್ರೆ ಆ ಇಂಜಿನಿಯರಮ್ಮ ಕೆಲಸ ಬೇರೆಯವರಿಗೆ ಕೊಡ್ತಾರೆ. ನಾನು ಹೊತ್ತಿಗೆ ಕೊಟ್ರೆ ವರ್ಷಪೂರ್ತಿ ಅವರ ನಕ್ಷೆ ಎಲ್ಲಾ ನನಗೇ. ನಂಗೆ ದೊಡ್ಡ ಯಂತ್ರ ಬೇಡ, ಚಂದದ್ದೂ ಬೇಡ. ನಾನೇ ಹಾಕಿ ನಾನೇ ಆರಿಸೋ ಅಂಥದ್ದು ಸಾಕು.”

“ಶನಿವಾರ ಮಧ್ಯಾಹ್ನದೊಳಗೆ ಹೊಸದನ್ನೇ ಜೋಡಿಸಿ ನಿಲ್ಲಿಸ್ತೀನಿ. ಇಲ್ಲಾಂದ್ರೆ ಮೀಸೆ ಬೋಳಿಸ್ಕೋತೀನಿ.”

“ರೀ, ಹಾಗಾದ್ರೆ ಬ್ಲೇಡೂ ತಂದಿಟ್ಕೊಳ್ಳಿ,” ಒಳಗಿನಿಂದ ಹೆಂಡತಿ ಕೂಗಿದಳು.

ಈ ಸಲ ಅವನೂ ನಕ್ಕುಬಿಟ್ಟ. ಜಗಳ ಹಾಗೆ ಮುಗಿಯಿತು.

ಎರಡು ದಿನ ಅವನು ಅಂಗಡಿಯ ಬಾಗಿಲು ಅರ್ಧ ಎಳೆದು ಬಿಡಿಭಾಗಗಳ ಅಂಗಡಿಗಳನ್ನು ಸುತ್ತಿದ. ಮದರ್‌ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದ, ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಕಿವಿಗಿಟ್ಟು ಕೇಳಿದ. “ಕಲ್ಲಂಗಡಿ ಆರಿಸ್ತಾ ಇದೀರಾ ಅಣ್ಣಾ?” ಎಂದ ಅಂಗಡಿಯವನಿಗೆ ಚೆನ್ನಾಗಿ ಉಗಿದ. ತಂಗಿಯ ಕಣ್ಣಿಗೆ ನೋವಾಗದಿರಲೆಂದು ಪರದೆಯನ್ನು ಎರಡು ಅಂಗುಲ ದೊಡ್ಡದೇ ಆರಿಸಿದ. ಹೊಸ ಡಿಸ್ಕೊಂದನ್ನು ಕೊಂಡು ಅಂಗಡಿಯಲ್ಲೇ ಅದಕ್ಕೆ ವಿಂಡೋಸ್ ಹಾಕಿಸಿಕೊಂಡ. ಹಳೆಯ ಯಂತ್ರದಿಂದ ನಕ್ಷೆಯಿದ್ದ ಡಿಸ್ಕನ್ನು ಬಿಡಿಸಿ, ಹಸುಗೂಸನ್ನು ಸುತ್ತುವ ಹಾಗೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟ.

ಶನಿವಾರ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ತಂಗಿ ಪಕ್ಕದಲ್ಲೇ ನಿಂತು ಸ್ಕ್ರೂಗಳನ್ನು ಒಂದೊಂದಾಗಿ ಕೊಡುತ್ತಿದ್ದಳು. ಚಿಕ್ಕಂದಿನಲ್ಲೂ ಹೀಗೆಯೇ ಅವನು ರೇಡಿಯೋ ಬಿಚ್ಚಿದರೆ ಇವಳು ತಟ್ಟೆ ಹಿಡಿದು ಕೂರುತ್ತಿದ್ದಳು. ಅವನ ದಪ್ಪ ಬೆರಳುಗಳು ಆ ಸೂಕ್ಷ್ಮ ಜಾಗಗಳಲ್ಲಿ ಎಲ್ಲೂ ತಡವರಿಸಲಿಲ್ಲ. ವೈರುಗಳನ್ನೆಲ್ಲ ಜಡೆ ಹೆಣೆದ ಹಾಗೆ ಒಂದೇ ಕಡೆಗೆ ಎಳೆದು ಕಟ್ಟಿದ.

“ಚೆನ್ನಾಗಿದೆ ಅಣ್ಣ,” ಅಂದಳು. ನಿಜವಾಗಿಯೂ ಚೆನ್ನಾಗಿತ್ತು.

ಹನ್ನೆರಡೂವರೆಗೆ ಅವನು ಬೆವರೊರೆಸಿಕೊಂಡ. “ಬಾರೇ, ನೀನೂ ಬಾ, ನೋಡು!” ಎಂದು ಹೆಂಡತಿಯನ್ನೂ ಕರೆದ. ಜೇಬಿನಿಂದ ಟೆಸ್ಟರ್ ತೆಗೆದು, ಡಬ್ಬಿಯೊಳಗೆ ಬಗ್ಗಿ, ಎರಡು ಮುಳ್ಳುಗಳಿಗೆ ತಾಗಿಸಿದ. ಫ್ಯಾನ್ ತಿರುಗಿತು, ಪರದೆ ಬೆಳಗಿತು.

“ಹೆಂಗೆ?” ಅಂದ. “ಮೀಸೆ ಉಳೀತಾ?”

ಹೆಂಡತಿ ಚಪ್ಪಾಳೆ ತಟ್ಟಿದಳು. ತಂಗಿ ಪರದೆ ನೋಡಲಿಲ್ಲ, ಡಬ್ಬಿಯ ಮುಂಭಾಗ ನೋಡುತ್ತಿದ್ದಳು. ಅಲ್ಲಿ ಹೊಳೆಯುವ ಹೊಸ ಗುಂಡಿಯಿತ್ತು. ಒತ್ತಿದಳು. ಏನೂ ಆಗಲಿಲ್ಲ. ಒತ್ತಿ ಹಿಡಿದಳು. ಫ್ಯಾನ್ ತನ್ನ ಪಾಡಿಗೆ ತಿರುಗುತ್ತಿತ್ತು.

“ಅಣ್ಣ, ಇದು?”

“ಓ, ಅದಾ? ಅದೊಂದು ಸಣ್ಣ ವೈರು, ಮುಳ್ಳಿಗೆ ಸಿಕ್ಕಿಸಬೇಕು. ಕೈಗೆ ಬರಲೇ ಇಲ್ಲ ನೋಡು. ನಾಳೆಯೋ ನಾಡಿದ್ದೋ ಹಾಕ್ತೀನಿ ಬಿಡು. ಅಲ್ಲೀವರೆಗೂ ನಾನಿದೀನಲ್ಲ.”

ತಂಗಿ ಅವನ ಕೈಯಲ್ಲಿದ್ದ ಟೆಸ್ಟರನ್ನೇ ಸ್ವಲ್ಪ ಹೊತ್ತು ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ, ಕನ್ನಡಕದ ಡಬ್ಬಿ, ಅಳತೆಪಟ್ಟಿ, ಎರಡು ಜೊತೆ ಬಟ್ಟೆ ಚೀಲಕ್ಕೆ ಹಾಕಿಕೊಂಡು ಬಂದಳು. ಹತ್ತಿಬಟ್ಟೆಯಲ್ಲಿದ್ದ ಡಿಸ್ಕನ್ನು ಎತ್ತಿಕೊಂಡಳು.

“ಎಲ್ಲಿಗೇ? ಇನ್ನೂ ಅದನ್ನ ಜೋಡಿಸಿಲ್ಲ!”

“ಇಂಜಿನಿಯರಮ್ಮನ ಆಫೀಸಲ್ಲಿ ಒಂದು ಮೇಜು ಖಾಲಿ ಇದೆಯಂತೆ. ಬಾ ಬಾ ಅಂತ ತುಂಬಾ ದಿನದಿಂದ ಕರೀತಿದ್ರು. ನಕ್ಷೆ ಅಲ್ಲೇ ಮುಗಿಸ್ತೀನಿ.”

“ಊಟ?”

“ನೀವಿಬ್ರೂ ಮಾಡಿ ಅಣ್ಣ.”

“ಹೋಗು! ಆ ಕಂಡೋರ ಮೇಜಿನ ಸುಖಾನೂ ನೋಡ್ಕೊಂಡು ಬಾ!” ಅವನು ಬಾಗಿಲ ತನಕ ಕೂಗುತ್ತ ಹೋದ. ತಂಗಿ ಚಪ್ಪಲಿ ಮೆಟ್ಟಿ, ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿ, ತಿರುಗಿ ನೋಡದೆ ಬೀದಿಗಿಳಿದಳು.

ಅವನು ಒಳಗೆ ಬಂದು ನಿಂತ. ಆ ಸಣ್ಣ ವೈರು ಡಬ್ಬಿಯ ಮೂಲೆಯಲ್ಲಿ ತೂಗುತ್ತಿತ್ತು. ಯಂತ್ರ ಆರಿಸಿ, ಅದನ್ನು ಮುಳ್ಳಿಗೆ ಸಿಕ್ಕಿಸಲು ಅವನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ತಗಡು ಮುಚ್ಚಿ, ನಾಲ್ಕೂ ಸ್ಕ್ರೂ ಬಿಗಿದ.

ಐದು ಗಂಟೆಗೆ ಹೆಂಡತಿಯ ಫೋನ್ ಬಡಿದುಕೊಂಡಿತು. ಅವಳು ಹೂಂ, ಹೂಂ ಅಂದಳು, “ಹೊದಿಕೆ ಇದೆಯೇನೇ ಅಲ್ಲಿ?” ಅಂದಳು, ಇಟ್ಟಳು. ಬಂದು ಮೇಜಿನ ಮೇಲೆ ತಂಗಿಗೆಂದು ಮುಚ್ಚಿಟ್ಟಿದ್ದ ತಟ್ಟೆಯನ್ನು ಎತ್ತಿದಳು.

“ಆಫೀಸಿನ ಮೇಲೆ ರೂಮಿದೆಯಂತೆ. ಇನ್ನೊಬ್ಬ ಹುಡುಗಿ ಇದಾಳಂತೆ ಜೊತೆಗೆ. ಅಲ್ಲೇ ಇರ್ತಾಳಂತೆ.”

“ಎಷ್ಟು ದಿನ?”

“ಉಳಿದ ಬಟ್ಟೆ ಕಳಿಸಿಕೊಡಿ ಅಂದ್ಲು.”

ಮೋಟಾರಣ್ಣ ಕುರ್ಚಿ ಎಳೆದುಕೊಂಡು ಕೂತು ಗುಂಡಿ ಒತ್ತಿದ. ಯಂತ್ರ ಒಂದೇ ಸಲಕ್ಕೆ, ಸದ್ದಿಲ್ಲದೆ ಚಾಲೂ ಆಯಿತು. ಪರದೆಯ ನಡುವೆ ಒಂದು ಖಾಲಿ ಚೌಕ ಮೂಡಿ ನಿಂತಿತು.

“ಏನದು, ಏನೋ ಕೇಳ್ತಾ ಇದೆ?” ಅಂದಳು ಹೆಂಡತಿ.

“ಬಳಸೋರ ಹೆಸರು ಹಾಕಬೇಕಂತೆ.”

“ಹಾಕಿ ಮತ್ತೆ.”

ಅವನು ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡು, ಎರಡೂ ಕೈ ಮಡಿಲಲ್ಲೇ ಇಟ್ಟು ಕೂತ. ಚೌಕದೊಳಗೆ ಒಂದು ಸಣ್ಣ ಗೆರೆ ಮೂಡುತ್ತಿತ್ತು, ಅಳಿಯುತ್ತಿತ್ತು.